ಮೆನು ಮೇಲೋ ಕೆಳಗೋ

ಭದ್ರಾವತಿ ಬಸ್ಸಿನಲ್ಲಿ ಪ್ರೇಮಮ್ಮನ ಮುಂದಿನ ಸೀಟಿನಲ್ಲಿ ತಲೆ ನರೆತ ಇಬ್ಬರು ಗೆಳೆಯರು ಮಾತಿಗಿಳಿದಿದ್ದರು.

“ರುದ್ರೇಶ, ಹೊಸಮನೆ ಬಡಾವಣೇಲಿ ನಿಮ್ಮ ಲಿನಕ್ಸ್ ಸಂಘ ಇನ್ನೂ ಸೇರುತ್ತಾ?”

“ಪ್ರತಿ ಭಾನುವಾರ ಬಾಗಿಲು ತೆಗೀತೀನಿ, ದುಷ್ಯಂತ. ನಾನೊಬ್ನೇ.”

“ಮೂವತ್ತು ಜನ ಇದ್ವಲ್ಲೋ.”

“ಕಂಪ್ಯೂಟರ್ ಪರದೇಲಿ ಮೆನು ಕೆಳಗೇ ಇರ್ಬೇಕು ಅಂತ ಜಗಳ ಆಡಿ, ಅರ್ಧ ಜನರನ್ನ ಕರ್ಕೊಂಡ್ಹೋಗಿ ನೀನು ಅದೇ ಸಾಫ್ಟ್‌ವೇರ್ ತಿದ್ದಿ ಬೇರೆ ಲಿನಕ್ಸೇ ಮಾಡ್ದೆ. ಅಲ್ಲೂ ಜಗಳ, ಮತ್ತೊಂದು ಲಿನಕ್ಸ್. ಪ್ರಿಂಟರ್ ಮಾತ್ರ ಮೂರರಲ್ಲೂ ಓಡಲ್ಲ, ಮಾರಾಯ.”

“ನಂದನ್ನೂ ಈಗ ನಾನೊಬ್ನೇ ನೋಡ್ಕೋತೀನಿ.”

“ಭಾನುವಾರ ಬಾ. ಮೆನು ಕೆಳಗೇ ಇಡೋಣ.”

“ನಂದರಲ್ಲಿ ಎರಡು ವರ್ಷದಿಂದ ಮೇಲೇ ಇದೆ ಕಣೋ.”

“ಹೇಳ್ಲೇ ಇಲ್ವಲ್ಲ.”

“ಯಾರಿಗೆ ಹೇಳ್ಲಿ?”

ಭಾನುವಾರದ ಮಾತಿಗೆ ಉತ್ತರ ಬರುವ ಮೊದಲೇ ಭದ್ರಾವತಿ ಬಂತು. ಒಬ್ಬ ಮುಂದಿನ ಬಾಗಿಲಿನಿಂದ ಇಳಿದ, ಇನ್ನೊಬ್ಬ ಹಿಂದಿನ ಬಾಗಿಲಿನಿಂದ.