ನುಸಿ ಅಂದುಕೊಂಡು ಬೇಯಿಸಿದ್ದು

ಹಲೋ... ಹಲೋ, ಯಾರು ಮಾತಾಡ್ತಿರೋದು? ಕೊಮಾದ್ರೆ ಸೆನೈದಾ ಅವರೇನಾ?... ನಾನು ಎಲಾದಿಯೊ. ಅಲ್ಮಿರಾಂತೆ ಊರಲ್ಲಿ ಕಪ್ಪೆ ಸಾಕೋ ಕಪ್ಪೆಮನೆಯ ಎಲಾದಿಯೊ. ನಿಮ್ಮ ಮಗಳಿಗೆ ಜ್ಞಾನತಂದೆಯಾಗಿ ನಿಮ್ಮನ್ನ ಕೊಮಾದ್ರೆ ಅಂತ ಕರೆಯೋ ಹಾಗಾಯ್ತಲ್ಲ, ಆ ಜ್ಞಾನಸ್ನಾನದಲ್ಲಿ ಮೇಣದಬತ್ತಿ ಹಿಡಿಯೋಕೆ ಬಂದು ಅಂಗಿ ಸುಟ್ಕೊಂಡೋನು.

...

ಹಾಂ, ಬದುಕಿದೀನಿ. ಎರಡು ವರ್ಷ ಫೋನ್ ಮಾಡ್ಲಿಲ್ಲ, ನಿಜ. ತಪ್ಪು ನಂದೇ... ಇಲ್ಲ, ಯಾರೂ ಸತ್ತಿಲ್ಲ. ಅಂದ್ರೆ... ಮನುಷ್ಯರು ಯಾರೂ ಸತ್ತಿಲ್ಲ.

...

ಕಪ್ಪೆಗಳಾ? ದೊಡ್ಡವು ಚೆನ್ನಾಗಿವೆ. ಆ ಕೆಂಪು ಜೋಡಿ ಇದೆಯಲ್ಲ, ನಾಲ್ಕು ವರ್ಷ ಒಂದನ್ನೊಂದು ತಿರುಗಿ ನೋಡಿರಲಿಲ್ಲ, ಈಗ ಐದು ಮರಿ! ಬಾಲ ಕರಗಿ ನೀರಿಂದ ಮೇಲೆ ಬಂದಿವೆ. ಒಂದೊಂದೂ ಕಡಲೆಕಾಳಿನಷ್ಟು... ಹಾಂ, ಖುಷಿನೇ. ಅದೇ ವಿಷಯಕ್ಕೇ ಫೋನ್ ಮಾಡಿದ್ದು.

...

ಏನು ತಿನ್ನಿಸ್ತಿದೀಯ ಅಂತ ಕೇಳ್ತೀರಾ. ಕೇಳೇ ಕೇಳ್ತೀರಿ ಅಂತ ಗೊತ್ತಿತ್ತು. ಹಣ್ಣಿನ ನೊಣ ಅವುಗಳ ಬಾಯಿಗಿಂತ ದೊಡ್ಡದು. ಆ ಪುಟಾಣಿ ಬಿಳಿ ಜಿಗಿಯೋ ಹುಳಾನೇ ಬೇಕು... ಇತ್ತು ಕೊಮಾದ್ರೆ. ಎರಡು ಡಬ್ಬ ತುಂಬ ಇತ್ತು.

...

ಖಾಲಿ ಆಗ್ಲಿಲ್ಲ... ಓಡಿಹೋಗ್ಲೂ ಇಲ್ಲ... ಹೇಳ್ತೀನಿ, ನಗಬಾರದು. ಬೇಯಿಸಿದೆ.

...

ಬೇಯಿಸಿದೆ ಅಂದೆ. ಬೇಯಿಸೋದು! ಅನ್ನ ಬೇಯಿಸಲ್ವಾ, ಹಾಗೆ.

...

ನಗಿ, ನಗಿ. ಮೊನ್ನೆ ಬೆಳಿಗ್ಗೆ ಮುಚ್ಚಳ ತೆಗೆದೆ. ಹುಳ ಸಾಕೋಕೆ ಹಾಕಿದ್ದ ಇದ್ದಿಲ ಮೇಲೆಲ್ಲ ಬಿಳಿ ಪುಡಿ, ಪುಡಿ ಹರಿದಾಡ್ತಿದೆ. ನುಸಿ ಬಿತ್ತು ಅಂದ್ಕೊಂಡೆ. ನುಸಿ ಬಿದ್ರೆ ಡಬ್ಬದಲ್ಲಿರೋದನ್ನೆಲ್ಲ ಕುದಿಸಿಬಿಡ್ಬೇಕು ಅಂತ ಶಾಲೆ ಮಕ್ಕಳಿಗೆ ಪಾಠ ಮಾಡೋ ದೊಡ್ಡ ಮನುಷ್ಯ ನಾನೇ ಅಲ್ವಾ? ಎರಡೂ ಡಬ್ಬ ಪಾತ್ರೆಗೆ ಸುರಿದು ಒಲೆ ಮೇಲಿಟ್ಟೆ.

...

ನುಸಿ ಅಲ್ಲ, ಮರಿಗಳೇ! ಆ ಹುಳದ ಮರಿಗಳು. ಯಾವತ್ತೂ ಅಷ್ಟು ಚೆನ್ನಾಗಿ ಹುಟ್ಟಿರಲಿಲ್ಲ... ಇಲ್ಲ, ಊದಿ ನೋಡ್ಲಿಲ್ಲ. ಉಫ್ ಅಂತ ಊದಿದ್ರೆ ಇದು ಜಿಗಿಯುತ್ತೆ, ನುಸಿ ಜಿಗಿಯಲ್ಲ, ಅದನ್ನೂ ನಾನೇ ಬರೆದು ಗೋಡೆಗೆ ಅಂಟಿಸಿದೀನಿ. ಓದೋಕೆ ಕನ್ನಡಕ ಬೇಕಲ್ಲ. ಕನ್ನಡಕ ತಲೆ ಮೇಲಿತ್ತು.

...

ಕಪ್ಪೆಗಳ ಗಾಜಿನ ಪೆಟ್ಟಿಗೆಯೊಳಗೆ ಒಂದಿಷ್ಟು ಹುಳ ಇದ್ದವು, ಅವನ್ನ ದೊಡ್ಡ ಕಪ್ಪೆಗಳೇ ಮುಗಿಸಿಬಿಟ್ವು. ಈಗ ಬೂಸ್ಟು ತಿನ್ನೋರೂ ಇಲ್ಲ, ಹಿಕ್ಕೆ ತಿನ್ನೋರೂ ಇಲ್ಲ. ಎಲೆ ಮೇಲೆಲ್ಲ ಹತ್ತಿ ಹಾಸಿದ ಹಾಗೆ ಬೂಸ್ಟು. ಮುಟ್ಟಿದ್ರೆ ಉಂಡೆಯಾಗೋ ಹುಳ ನಾಲ್ಕಿವೆ, ಅವು ರಜೆ ಹಾಕಿದೋರ ಹಾಗೆ ತೊಗಟೆ ಕೆಳಗೆ ಮಲಗಿವೆ.

...

ಹಾಂ. ನೆನಪಿದೆ. ಎರಡು ವರ್ಷದ ಹಿಂದೆ ಕಪ್ಪೆ ಸಾಕೋರ ಸಭೆಯಲ್ಲಿ ಎಲ್ಲರೆದುರು ನಿಮಗೆ ಅಂದಿದ್ದೆ... ಐಸ್‌ಕ್ರೀಮ್ ಡಬ್ಬದಲ್ಲಿ ಅಕ್ಕಿ ಹಾಕಿ ಹುಳ ಸಾಕೋದು ವಿಜ್ಞಾನ ಅಲ್ಲ, ಅಡುಗೆ ಅಂತ... ಹೌದು, ಕೊನೆಗೆ ಅಡುಗೆ ಮಾಡಿದ್ದು ನಾನೇ. ಅದನ್ನೂ ನೀವೇ ಬಾಯಿಬಿಟ್ಟು ಹೇಳ್ಬೇಕಾ?

...

ನಿಮ್ಮ ಡಬ್ಬದ ಹುಳ ಒಂದು ಚಮಚ ಕೊಟ್ರೆ ಸಾಕು. ಎರಡು ದಿನದಿಂದ ಮರಿಗಳ ಹೊಟ್ಟೆಗೆ ಏನೂ ಬಿದ್ದಿಲ್ಲ. ಒಂದಂತೂ ನಿನ್ನೆಯಿಂದ ಕೂತಲ್ಲೇ ಕೂತಿದೆ, ಹತ್ರ ಬೆರಳು ತಂದ್ರೂ ಕದಲಲ್ಲ. ನನಗೆ ಹೆದರಿಕೆ ಆಗಿದೆ ಕೊಮಾದ್ರೆ. ಇನ್ನು ನಗೋದಿದ್ರೆ ಆಮೇಲೆ ನಗಿ.

...

ಜೋರಾಗಿ ಹೇಳ್ಬೇಕಾ? ಏನಂತ?... ಸೆನೈದಾ ನನಗಿಂತ ಜಾಣೆ... ಇನ್ನೂ ಜೋರಾಗಿ? ಸೆನೈದಾ ನನಗಿಂತ ಜಾಣೆ! ಸಾಕಾ?... ಯಾರದು ಚಪ್ಪಾಳೆ ತಟ್ಟಿದ್ದು?... ಯಾವ ಡ್ರೈವರು? ಎಲ್ಲಿದೀರಿ ನೀವು?

...

ಇಲ್ಲಿಗೆ ಬರೋ ಬಸ್ಸೊಳಗಾ!... ಒತಿಲಿಯಾ ಬೆಳಿಗ್ಗೆನೇ ಫೋನ್ ಮಾಡಿದ್ಲಾ? ನನ್ನ ಹೆಂಡ್ತಿ? ಇಲ್ಲೇ ಎದುರಿಗೆ ಬಾಳೆಕಾಯಿ ಕರೀತಿದಾಳೆ, ಏನೂ ಗೊತ್ತಿಲ್ಲದೋಳ ಹಾಗೆ!... ಹಾಗಾದ್ರೆ ಎಲ್ಲ ಗೊತ್ತಿದ್ದೂ ಇಷ್ಟೊತ್ತು ನನ್ನ ಬಾಯಿಂದ ಹೇಳಿಸಿ, ಬಸ್ಸಿನವರಿಗೆಲ್ಲ ಕೇಳಿಸಿದ್ರಾ?

...

ಇಲ್ಲ, ಎಲ್ಲಿಯ ಕೋಪ? ಅಳು ಬರ್ತಿದೆ. ಎರಡು ವರ್ಷ ನಾನು ಮಾತು ಬಿಟ್ರೂ ನೀವು ಒಂದೇ ಫೋನಿಗೆ ಬಸ್ ಹತ್ತಿದ್ರಲ್ಲ... ಹುಳದ ಡಬ್ಬ ಎಲ್ಲಿದೆ? ತೊಡೆ ಮೇಲಾ? ಬಿಸಿಲು ಬೀಳೋ ಕಿಟಕಿ ಹತ್ರ ಕೂರಬೇಡಿ, ಮುಚ್ಚಳ ಸ್ವಲ್ಪ...

...

ನಿಮಗೇ ಪಾಠ ಮಾಡ್ತಿದೀನಾ? ಅಯ್ಯೋ, ತಪ್ಪಾಯ್ತು. ಹೇಗೆ ಬೇಕೋ ಹಾಗೆ ಹಿಡ್ಕೊಳ್ಳಿ... ತಡೀರಿ, ಆ ಮರಿ ತಲೆ ಎತ್ತಿ ನೋಡ್ತಿದೆ! ಕಣ್ಣು ಬಿಟ್ಟಿದೆ ಕೊಮಾದ್ರೆ! ಡ್ರೈವರಿಗೆ ಬೇಗ ಓಡಿಸೋಕೆ ಹೇಳಿ. ಅಲ್ಲ, ನಿಧಾನಕ್ಕೆ, ಡಬ್ಬ ಕುಲುಕಬಾರದು. ಅಲ್ಲ, ಬೇಗಾನೇ... ಹಲೋ? ಕೊಮಾದ್ರೆ? ಹಲೋ...