ಹನ್ನೆರಡು ಮುಷ್ಟಿ, ಒಂದು ಬಾಗಿಲ ಜಾಗ

ಈ ಸ್ನೇಹ ಸಮ್ಮೇಳನದ ಅಧ್ಯಕ್ಷರೇ, ಮುಖ್ಯಾಧ್ಯಾಪಕರೇ, ಗಣಿತದ ರೂಪೇಶ ಮಾಸ್ತರರೇ, ಪಾಲಕರೇ, ಮಕ್ಕಳೇ, ಬುಟ್ಟಿ ತೊಳೆದಿಟ್ಟು ನೇರ ಇಲ್ಲಿಗೇ ಬಂದು ಹಿಂದಿನ ಸಾಲಿನಲ್ಲಿ ಕುಳಿತಿರುವ ನನ್ನ ಗೆಳತಿಯರೇ, ಮತ್ತು ಸಮಸ್ತ ಸಭಿಕರೇ,

ನಾನು ಹೀರಾ, ಬೇಲೆಕೇರಿಯವಳು. ಮೂವತ್ತು ವರ್ಷದಿಂದ ಮೀನು ಮಾರುತ್ತಿದ್ದೇನೆ. ಈ ಮೈಕು ನನಗೆ ಬೇಡ ಎಂದಿದ್ದೆ. ಬಂಗಡೆ ಬಂತೆಂದು ನಾನು ಪೇಟೆಯಲ್ಲಿ ಕೂಗಿದರೆ ಆಚೆಯ ಊರು ಬೊಬ್ರುವಾಡದಲ್ಲಿ ಒಲೆ ಹೊತ್ತಿಸುತ್ತಾರೆ. ಆದರೂ ಹಿಡಿಸಿದ್ದಾರೆ, ಹಿಡಿದಿದ್ದೇನೆ.

ಏಳನೆಯ ಇಯತ್ತೆಯಲ್ಲಿ ಗಣಿತ ನಪಾಸಾಗಿ ಶಾಲೆ ಬಿಟ್ಟವಳ ಕೈಯಿಂದ ಗಣಿತದ ಬಹುಮಾನ ಕೊಡಿಸುತ್ತಿದ್ದಾರೆ. ಇದು ನ್ಯಾಯವೇ? ಮಾಸ್ತರರನ್ನೇ ಕೇಳಿದೆ. ಪ್ರಯೋಗ ನಡೆದದ್ದು ನಿಮ್ಮ ಮೇಲೆಯೇ ಅಲ್ಲವೇ ಎಂದು ನಕ್ಕುಬಿಟ್ಟರು. ಬಹುಮಾನ ಒಂಬತ್ತನೆಯ ತರಗತಿಯ ಹುಡುಗಿ ಪ್ರಗತಿಗೆ. ನನ್ನ ತಮ್ಮ ಬೊಮ್ಮಯ್ಯನ ಮಗಳು. ವಿಷಯ ಸಂಭವನೀಯತೆ. ಈ ಶಬ್ದವನ್ನು ತಡವರಿಸದೆ ಹೇಳಲು ನನಗೆ ಮೂರು ದಿನ ಹಿಡಿಯಿತು.

ನಮ್ಮ ಮೀನುಪೇಟೆಯಲ್ಲಿ ಹನ್ನೆರಡು ಹೆಂಗಸರು, ಹನ್ನೆರಡು ಜಾಗ. ಬಾಗಿಲ ಪಕ್ಕದ ಜಾಗ ಸಿಕ್ಕವಳು ಹತ್ತು ಗಂಟೆಗೆ ಬುಟ್ಟಿ ಖಾಲಿ ಮಾಡಿ ಮನೆಗೆ ಹೋಗುತ್ತಾಳೆ. ಗಟಾರದ ಪಕ್ಕದವಳು ಮಧ್ಯಾಹ್ನದವರೆಗೂ ನೊಣ ಹೊಡೆಯುತ್ತಾಳೆ. ಅದಕ್ಕೇ ಪ್ರತಿವರ್ಷ ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮರುದಿನ, ಒಂದು ಕೊಡದಲ್ಲಿ ಜಾಗ ಬರೆದ ಹನ್ನೆರಡು ಚೀಟಿ ಹಾಕಿ ಎತ್ತುತ್ತೇವೆ. ಮೊದಲು ಎತ್ತಿದವಳಿಗೇ ಒಳ್ಳೆಯದು ಎಂದು ನಾವೆಲ್ಲ ನಂಬಿದ್ದೆವು. ಏಕೆ ನಂಬಬಾರದು? ಮೊದಲಿನವಳ ಮುಂದೆ ಹನ್ನೆರಡು ಚೀಟಿ, ಕೊನೆಯವಳಿಗೆ ಉಳಿದದ್ದು ಒಂದೇ ಅಲ್ಲವೇ? ವಯಸ್ಸಿನಲ್ಲಿ ಹಿರಿಯಳೆಂದು ಮೊದಲ ಕೈ ನನ್ನದಾಗಿತ್ತು. ಹಿರಿತನ ಎಂದರೂ ಸರಿ, ಮೊಣಕೈ ಬಲ ಎಂದರೂ ಸರಿ.

ಆರು ವರ್ಷದ ಹಿಂದೆ ಚೀಟಿಯ ದಿನ ಒಂದು ಬೆಕ್ಕು ನನ್ನ ಬುಟ್ಟಿಗೆ ಬಾಯಿ ಹಾಕಿತು. ನಾನು ಅದರ ಹಿಂದೆ ಓಡಿದೆ. ಬರುವಷ್ಟರಲ್ಲಿ ಒಬ್ಬಳು ಕೊಡದೊಳಗೆ ಕೈ ಹಾಕಿ ಬಾಗಿಲ ಜಾಗ ಎತ್ತಿಬಿಟ್ಟಿದ್ದಳು. ಅವಳೇ ಗಾಯತ್ರಿ, ಬೊಮ್ಮಯ್ಯನ ಹೆಂಡತಿ, ಪ್ರಗತಿಯ ತಾಯಿ. ಪೇಟೆಗೆ ಬಂದು ಇನ್ನೂ ಎರಡೇ ವರ್ಷವಾಗಿತ್ತು. ಅವಳಿಗೆ ಮೀನು ಕೊಯ್ಯುವುದನ್ನು ಕಲಿಸಿದವಳು ನಾನೇ. ಸ್ವಲ್ಪ ಬೈದೆ ಎನ್ನೋಣ. ಇಲ್ಲ, ಸ್ವಲ್ಪವಲ್ಲ. ಪೇಟೆಯ ಹೆಂಗಸರೆಲ್ಲರ ಎದುರು, ಗಿರಾಕಿಗಳ ಎದುರು, ಅವಳನ್ನು ಕಳ್ಳಿ ಎಂದೆ. ನನ್ನ ಅದೃಷ್ಟ ಕದ್ದಳು ಎಂದೆ.

ಆಮೇಲೆ ಪ್ರತಿವರ್ಷ ಅವಳು ಹಿಂದೆ ಸರಿದು ಎಲ್ಲರಿಗಿಂತ ಕೊನೆಗೆ ಚೀಟಿ ಎತ್ತಿದಳು. ಹಾಗೆ ಎತ್ತಿಯೂ ನಾಲ್ಕನೆಯ ವರ್ಷ ಮತ್ತೆ ಅವಳಿಗೇ ಬಾಗಿಲ ಜಾಗ ಬಂತು! ಆಗ ನಾನು ಏನು ಮಾಡಿದೆ? ಮಾಟ ಮಾಡಿಸಿದ್ದಾಳೆ ಎಂದು ಸುದ್ದಿ ಹಬ್ಬಿಸಿದೆ. ತಮ್ಮನ ಮನೆಯ ಚೌತಿಗೆ ಹೋಗುವುದನ್ನು ಬಿಟ್ಟೆ. ನಾನು ಇದನ್ನೆಲ್ಲ ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ, ಮೈಕು ಸಿಕ್ಕಿತು, ಬಾಯಿಗೆ ಬಂತು.

ಈ ವರ್ಷ ಮಳೆಗಾಲದಲ್ಲಿ ಬೋಟುಗಳು ದಡದಲ್ಲಿದ್ದಾಗ ಪ್ರಗತಿ ಒಂದು ಕೊಡ ಹಿಡಿದು ನನ್ನ ಮನೆಗೆ ಬಂದಳು. ಜೊತೆಗೆ ಗೆಳತಿ ರಕ್ಷಿತಾ. ತರಗತಿಯ ಹನ್ನೆರಡು ಮಕ್ಕಳು ಸಾಲಾಗಿ ನಿಂತು ಇನ್ನೂರ ನಲವತ್ತು ಸಲ ಚೀಟಿ ಎತ್ತಿದ್ದರಂತೆ. ಎಲ್ಲರಿಗೂ ಸಮಾನ ಎಂದರೆ ಒಬ್ಬೊಬ್ಬರಿಗೆ ಬಾಗಿಲ ಜಾಗ ಸುಮಾರು ಇಪ್ಪತ್ತು ಸಲ ಬರಬೇಕು. ಮೊದಲು ಎತ್ತಿದವರಿಗೆ ಹದಿನೆಂಟು ಸಲ ಬಂದಿತ್ತು, ಕೊನೆಗೆ ಎತ್ತಿದವರಿಗೆ ಇಪ್ಪತ್ತೊಂದು. ಹಾಗಾದರೆ ಕೊನೆಯವಳೇ ಮೇಲಾಯಿತಲ್ಲ ಎಂದು ನಾನು ಜಗಳಕ್ಕೆ ನಿಂತೆ. ಇನ್ನೊಮ್ಮೆ ಎತ್ತಿದರೆ ಅದು ಆಚೀಚೆ ಆಗುತ್ತದೆ, ಆದರೆ ಇಪ್ಪತ್ತರ ಆಸುಪಾಸಿನಲ್ಲೇ ಇರುತ್ತದೆ ಎಂದಳು. ನಾನು ಒಪ್ಪಲಿಲ್ಲ. ಕಾಗದದ ಲೆಕ್ಕ ತೋರಿಸಿದಳು, ಅದೂ ತಲೆಗೆ ಹೋಗಲಿಲ್ಲ. ಕೊನೆಗೆ ಆ ಹುಡುಗಿ ಕಾಗದ ಮಡಚಿಟ್ಟು ಕೇಳಿದಳು:

“ಅತ್ತೆ, ಹನ್ನೆರಡೂ ಜನ ಚೀಟಿ ಎತ್ಕಂಡು, ಬಿಡಿಸದೇ ಮುಷ್ಟಿ ಹಿಡ್ಕಂಡು ನಿಂತ್ರೆ, ಯಾರು ಮೊದ್ಲು ಎತ್ತಿದ್ರು ಹೇಳಿ ಚೀಟಿಗೆ ಗೊತ್ತಾಗ್ತದ್ಯಾ?”

ಸಭಿಕರೇ, ಚೀಟಿಗೆ ಹೇಗೆ ಗೊತ್ತಾದೀತು? ಮುಷ್ಟಿಯಲ್ಲಿರುವ ಚೀಟಿಗೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಹನ್ನೆರಡರಲ್ಲಿ ಒಂದು, ಎಲ್ಲರಿಗೂ ಅಷ್ಟೇ. ಹಾಗಾದರೆ ನಿನ್ನ ಅಮ್ಮನಿಗೆ ಎರಡು ಸಲ ಬಂದದ್ದು ಹೇಗೆ ಎಂದು ಕೊನೆಯ ಆಸೆಯಿಂದ ಕೇಳಿದೆ. ಆರು ವರ್ಷದಲ್ಲಿ ಹನ್ನೆರಡು ಜನರಲ್ಲಿ ಯಾರಿಗೋ ಒಬ್ಬರಿಗೆ ಎರಡು ಸಲವಾದರೂ ಬರುವ ಸಂಭವ ನೂರಕ್ಕೆ ಸುಮಾರು ಎಪ್ಪತ್ತೆಂಟು ಎಂದಳು. ಯಾರಿಗೂ ಬರದಿದ್ದರೇ ಆಶ್ಚರ್ಯಪಡಬೇಕಂತೆ! ಅಂದರೆ ಅಲ್ಲಿ ಮಾಟವೂ ಇರಲಿಲ್ಲ, ಕಳ್ಳತನವೂ ಇರಲಿಲ್ಲ. ಇದ್ದದ್ದು ನನ್ನ ಬಾಯಿ ಒಂದೇ.

ಈ ವರ್ಷ ನಾವು ಎಲ್ಲರೂ ಮುಷ್ಟಿ ಹಿಡಿದು ನಿಂತು, ಒಟ್ಟಿಗೇ ಚೀಟಿ ಬಿಡಿಸಿದೆವು. ಜಗಳವಿಲ್ಲದೆ ಹತ್ತು ನಿಮಿಷದಲ್ಲಿ ಮುಗಿಯಿತು. ಬಾಗಿಲ ಜಾಗ ಗೆಳತಿ ಮಾನಸಾಗೆ, ಗಟಾರದ ಜಾಗ ನನಗೆ. ಪಕ್ಕದ್ದು ಯಾರಿಗೆ? ಗಾಯತ್ರಿಗೆ. ನಾಲ್ಕು ತಿಂಗಳಾಯಿತು, ನಡುವೆ ಒಂದು ಮೊಳದ ದೂರ. ಇಡೀ ಪೇಟೆಗೆ ಕೇಳುವಂತೆ ಬೈದ ನನಗೆ, ಪಕ್ಕದಲ್ಲಿ ಕುಳಿತವಳಿಗೆ ಕೇಳುವಷ್ಟು “ತಪ್ಪಾಯ್ತು” ಎನ್ನಲು ಸ್ವರ ಬರಲಿಲ್ಲ. ನಾಚಿಕೆಯಾಗುತ್ತಿತ್ತು. ಈಗಲೂ ಆಗುತ್ತಿದೆ.

ಮೊನ್ನೆ ಪ್ರಗತಿಯನ್ನು ಗುಟ್ಟಾಗಿ ಕೇಳಿದೆ, ನಿನ್ನ ಅಮ್ಮ ನನ್ನನ್ನು ಕ್ಷಮಿಸುವ ಸಂಭವನೀಯತೆ ಎಷ್ಟು ಎಂದು. ಅವಳು ಹೇಳಿದಳು: “ನಂಗೆ ಹೇಳೂಕೆ ಬರೂದಿಲ್ಲ ಅತ್ತೆ. ನೀವು ಒಂದ್ ಸಲನೂ ಕೇಳ್ಲೇ ಇಲ್ಲ ಅಲಾ.”

ಅದಕ್ಕೇ ಈಗ ಈ ಮೈಕು ಬಿಡದೆ ಹಿಡಿದಿದ್ದೇನೆ. ಎಲ್ಲರ ಎದುರು ಆಡಿದ ಮಾತನ್ನು ಮೂಲೆಯಲ್ಲಿ ನಿಂತು ಹಿಂದಕ್ಕೆ ತೆಗೆದುಕೊಳ್ಳಬಾರದು. ಗಾಯತ್ರಿ, ಮೂರನೆಯ ಸಾಲಿನಲ್ಲಿದ್ದೀಯಾ, ಕಾಣುತ್ತಿದೆ. ನೀನು ಏನನ್ನೂ ಕದ್ದಿರಲಿಲ್ಲ. ಕಳ್ಳಿ ಎಂದದ್ದು ನನ್ನ ತಪ್ಪು, ಮಾಟ ಎಂದದ್ದು ಅದಕ್ಕಿಂತ ದೊಡ್ಡ ತಪ್ಪು. ನನ್ನನ್ನು ಕ್ಷಮಿಸುತ್ತೀಯಾ?

ಮಕ್ಕಳೇ, ಚಪ್ಪಾಳೆ ಬೇಡ. ಅವಳು ಇನ್ನೂ ಏನೂ ಹೇಳಿಲ್ಲ.

ಎದ್ದಳು. ಹೊರಗೆ ಹೋಗುವ ದಾರಿ ಹಿಂದಿದೆ. ಅವಳು ಮುಂದೆ ಬರುತ್ತಿದ್ದಾಳೆ. ಅಧ್ಯಕ್ಷರೇ, ದಯವಿಟ್ಟು ಸ್ವಲ್ಪ ಸರಿದು ಕುಳಿತುಕೊಳ್ಳಿ, ವೇದಿಕೆಗೆ ಇನ್ನೊಂದು ಕುರ್ಚಿ ಬೇಕು. ಪ್ರಗತಿ, ನೀನೂ ಬಾ. ನಿನ್ನ ಬಹುಮಾನ ನಿನ್ನ ಅಮ್ಮನೇ ಕೊಡಲಿ.

ಗಾಯತ್ರಿ, ಅಳಬೇಡ ಮಾರಾಯ್ತಿ. ನೀನು ಅತ್ತರೆ ನನಗೂ ಅಳು ಬರುತ್ತದೆ, ನಾನು ಇನ್ನೂ ಎಲ್ಲರಿಗೂ ಧನ್ಯವಾದ ಹೇಳುವುದಿದೆ. ರೂಪೇಶ ಮಾಸ್ತರರಿಗೆ, ಶಾಲೆಗೆ, ಇಷ್ಟು ಹೊತ್ತು ಕೇಳಿದ... ನಿಮಗೆಲ್ಲ...

ಆಯಿತು, ಇನ್ನು ನನ್ನಿಂದಾಗುವುದಿಲ್ಲ. ನಮಸ್ಕಾರ.