ಅರ್ಧಕ್ಕೇ ನಿಲ್ಲುವ ಡಿಫ್ರಾಗ್

ನವಿ ಮುಂಬಯಿಯ ನೆರೂಳ ಸ್ಟೇಷನ್ನಿನ ಬಸ್ ಕ್ಯೂನಲ್ಲಿ ನನ್ನ ಮುಂದೆ ಒಬ್ಬ ಹಿರಿಯ ಹೆಂಗಸು, ಅವರ ನೆರೆಮನೆಯ ಹುಡುಗಿ.

“ಮಾನ್ಯಾ, ಕಂಪ್ಯೂಟರ್ ಸ್ಲೋ ಅಂತ ನೀನು ಹೇಳಿಕೊಟ್ಟ, ಡಿಸ್ಕಲ್ಲಿರೋ ಫೈಲೆಲ್ಲ ಓರಣ ಮಾಡೋ ಡಿಫ್ರಾಗ್ ದಿನಾ ಅರ್ಧಕ್ಕೇ ನಿಲ್ತಿದೆ ಕಣೆ.”

“ಡಿಸ್ಕಲ್ಲಿ ಜಾಗ ಇಲ್ವಾ ಆಂಟಿ?”

“ಬೇಕಾದಷ್ಟಿದೆ. ಶುರು ಮಾಡಿಟ್ಟು ಭಜನೆಗೆ ಹೋಗ್ತೀನಿ. ಬಂದು ನೋಡಿದ್ರೆ ಕಂಪ್ಯೂಟರೇ ಆಫ್.”

“ಹೊರಡೋವಾಗ ಸ್ವಿಚ್ ಆರಿಸ್ತೀರಾ?”

“ಆರಿಸದೆ ಯಾರಾದ್ರೂ ಮನೆ ಬಿಡ್ತಾರಾ?”

“ಅದಕ್ಕೇ ನಿಲ್ತಿರೋದು ಆಂಟಿ. ಮಧ್ಯದಲ್ಲಿ ಆರಿಸಿದ್ರೆ ಅದರಲ್ಲಿರೋ ನಿಮ್ಮ ಮೊಮ್ಮಗು ಚಿನ್ನು ಫೋಟೋನೂ ಹಾಳಾಗ್ಬಹುದು.”

“ಇವತ್ತೂ ಶುರು ಮಾಡಿಯೇ ಬಂದೆ. ಅವಸರದಲ್ಲಿ ಸ್ವಿಚ್ ಆರಿಸೋದು ಮರ್ತೆ.”

“ಮರ್ತಿದ್ದೇ ಒಳ್ಳೇದಾಯ್ತು.”

ಅಷ್ಟರಲ್ಲಿ ಆಕೆಯ ಗಂಡ ಏದುಸಿರು ಬಿಡುತ್ತ ಬಂದು ಸೇರಿದರು.

“ಬೀಗ ಹಾಕೋ ಮುಂಚೆ ನೋಡಿದೆ, ಪುಣ್ಯ. ಕಂಪ್ಯೂಟರ್ ಸ್ವಿಚ್ ಹಾಗೇ ಬಿಟ್ಟಿದ್ದೆ ನೀನು. ನಾನೇ ಆರಿಸಿ ಬಂದೆ.”

ಬಸ್ಸು ಬಂತು. ಆಕೆಗೂ ಮಾನ್ಯಾಗೂ ನಗು ತಡೆಯಲಾಗಲಿಲ್ಲ. “ಏನಾಯ್ತು?” ಎನ್ನುತ್ತ ಗಂಡನೂ ಹತ್ತಿದರು.